ತಿರುವಿನ ಮನೆಯ ಹೊದಿಕೆ

ಬಿಳಿಯದನ್ನೇ ಹಾಕಿಬಿಡೋಣ ಎಂದುಕೊಂಡು ಮದುವೆಯ ಪೆಟ್ಟಿಗೆಯ ಮುಚ್ಚಳ ಎತ್ತಿದ ಡೆರ್ನಾ, ಬಿಳಿ ಹೊದಿಕೆ ಮೇಲೆಯೇ ಇದ್ದರೂ ಅದನ್ನು ಎತ್ತಿಕೊಳ್ಳದೆ, ಅದರ ಕೆಳಗೆ ಕೈ ತೂರಿಸಿ, ತಳದಲ್ಲಿದ್ದ ರೇಷ್ಮೆಯನ್ನು ಬೆರಳ ತುದಿಯಿಂದ ಮುಟ್ಟಿ, ಸರಕ್ಕನೆ ಕೈ ಹಿಂದಕ್ಕೆಳೆದುಕೊಂಡಳು. ತಣ್ಣಗಿತ್ತು. ಹತ್ತು ತಿಂಗಳು ಕತ್ತಲಲ್ಲಿ ಬಿದ್ದಿದ್ದ ಬಟ್ಟೆ ತಣ್ಣಗಿರದೆ ಇನ್ನು ಹೇಗಿರುತ್ತದೆ ಎಂದು ತನ್ನನ್ನೇ ಗದರಿಕೊಂಡಳು. ಪರಮಪ್ರಸಾದದ ಹಬ್ಬದ ಬೆಳಿಗ್ಗೆ ಮೊಂಟೆಸ್ಪಿನೊ ಊರಿನ ಪ್ರತಿ ಬಾಲ್ಕನಿಯಲ್ಲೂ ಆ ಮನೆಯ ಅತಿ ಚೆಂದದ ಹೊದಿಕೆ ಇಳಿಬಿಟ್ಟಿರಬೇಕು. ಪಾದ್ರಿ ಪರಮಪ್ರಸಾದದ ಪವಿತ್ರ ರೊಟ್ಟಿಯನ್ನು ಎತ್ತಿಕೊಂಡು ಮೆರವಣಿಗೆಯಲ್ಲಿ ಕೆಳಗೆ ಹಾದುಹೋಗುವಾಗ ಬಾಲ್ಕನಿ ಬೋಳಾಗಿದ್ದರೆ ಆ ಮನೆಯಲ್ಲಿ ಸಾವಾಗಿರಬೇಕು, ಇಲ್ಲವೇ ಕಮ್ಯುನಿಸ್ಟರಿರಬೇಕು. ಡೆರ್ನಾಳ ಮನೆಯಲ್ಲಿ ಎರಡೂ ಇರಲಿಲ್ಲ. ಒಲೆಯ ಮೇಲೆ ಹಬ್ಬದೂಟಕ್ಕೆ ಕೋಳಿಯ ಈಲಿ ಟೊಮೆಟೊ ರಸದಲ್ಲಿ ಬೇಯುತ್ತಿತ್ತು, ಗಂಡ ಸೆಟ್ಟಿಮಿಯೊ ಕನ್ನಡಿಯ ಮುಂದೆ ನಿಂತು ಗಡ್ಡ ಹೆರೆಯುತ್ತಿದ್ದ, ಕೆಳಗಿನ ರಸ್ತೆಯಲ್ಲಿ ಹೆಂಗಸರು ಗುಡ್ಡದಿಂದ ತಂದ ಹಳದಿ ಜಿನೆಸ್ತ್ರಾ ಹೂವಿನ ಎಸಳುಗಳನ್ನು ಬುಟ್ಟಿಗಳಲ್ಲಿ ತಂದಿಟ್ಟುಕೊಂಡು, ಎಲ್ಲಿಂದ ಹಾಸಲು ತೊಡಗಬೇಕೆಂದು ಜಗಳವಾಡುತ್ತಿದ್ದರು. ಎಲ್ಲ ಹೇಗಿರಬೇಕೋ ಹಾಗೇ ಇತ್ತು. ಅದೇ ಅವಳಿಗೆ ಸಹಿಸಲಾಗದ್ದು.

"ಏ ಡೆರ್ನಾ! ಎದ್ದಿದೀಯೇನೇ, ಇಲ್ಲಾ ಹೊದ್ಕೊಂಡೇ ಬಿದ್ದಿದೀಯೋ?" ಎದುರು ಮನೆಯ ವಿಲ್ಮಾಳ ಗಂಟಲು. ಆ ಗಂಟಲಿಗೆ ಕಿಟಕಿ ಮುಚ್ಚಿದ್ದರೂ ಒಂದೇ, ತೆರೆದಿದ್ದರೂ ಒಂದೇ. ಡೆರ್ನಾ ಬಾಲ್ಕನಿಗೆ ಹೋದಳು. ವಿಲ್ಮಾ ಆಗಲೇ ತನ್ನ ಕೆಂಪು ಹೊದಿಕೆಯನ್ನು ಹರಡಿ, ಅದರ ಕುಚ್ಚುಗಳನ್ನು ಬೆರಳಲ್ಲಿ ಬಾಚುತ್ತ ನಿಂತಿದ್ದಳು. "ನಂದಂತೂ ಆಯ್ತಪ್ಪ. ನಿಂದೆಲ್ಲಿ? ನಿಮ್ಮಮ್ಮನ ರೇಷ್ಮೆ ಹಾಕು ಕಣೆ ಈ ಸಲ. ಹೋದ ವರ್ಷ ನೋಡಿದ್ದು, ಆಮೇಲೆ ಕಣ್ಣಿಗೇ ಬಿದ್ದಿಲ್ಲ. ಮಾರ್ಕೊಂಡ್ಯಾ ಹೇಗೆ?"

"ಹುಳ ಬಿದ್ದಿದೆ," ಎಂದಳು ಡೆರ್ನಾ.

"ರೇಷ್ಮೇಗೆ ಹುಳಾನಾ! ಹುಳದಿಂದ ಬಂದಿದ್ದಕ್ಕೆ ಹುಳಾನೇ ಬಿತ್ತಾ!" ವಿಲ್ಮಾ ತನ್ನ ಮಾತಿಗೆ ತಾನೇ ಬಿದ್ದು ಬಿದ್ದು ನಕ್ಕಳು. ಅವಳಿಗೆ ಏನಾದರೂ ಗೊತ್ತಿದೆಯೇ? ಹತ್ತು ತಿಂಗಳಿಂದ ಡೆರ್ನಾ ಆ ನಗುವನ್ನು ಮಗುಚಿ ಹಾಕಿ ನೋಡುತ್ತಿದ್ದಳು. ಗೊತ್ತಿದ್ದರೆ ವಿಲ್ಮಾಳಂಥ ಹೆಂಗಸು ಬಾಯಿಗೆ ಬೀಗ ಹಾಕಿಕೊಂಡು ಕೂರುವವಳಲ್ಲ. ಹತ್ತು ನಿಮಿಷದಲ್ಲಿ ಸಮುದ್ರದ ತನಕ ಸುದ್ದಿ ಮುಟ್ಟಿಸಿಬಿಡುತ್ತಿದ್ದಳು. ಅಲ್ಲದೆ ಆ ಸಂಜೆ ಅವಳು ಬಾಲ್ಕನಿಯಲ್ಲಿರಲಿಲ್ಲ, ಸಿನಿಮಾ ವಾರ್ತೆಯ ಕ್ಯಾಮೆರಾ ಬಂದಿದೆಯೆಂದು ಹೊಸ ಹ್ಯಾಟು ಹಾಕಿಕೊಂಡು ಚರ್ಚಿನ ಮೆಟ್ಟಿಲಿಗೆ ಓಡಿದ್ದಳು. ಇದನ್ನು ಡೆರ್ನಾ ತನಗೆ ತಾನು ಎಷ್ಟು ಸಲ ಹೇಳಿಕೊಂಡಿದ್ದಳೆಂದರೆ ಅದೀಗ ಜಪದ ಮಾತಾಗಿಬಿಟ್ಟಿತ್ತು. ಆದರೂ ವಿಲ್ಮಾ ಬಾಯಿ ತೆರೆದಾಗಲೆಲ್ಲ ಅದನ್ನು ಮತ್ತೊಮ್ಮೆ ಹೇಳಿಕೊಳ್ಳುತ್ತಿದ್ದಳು.

ಆ ದಿನವೂ ಹೀಗೇ ಎದುರುಬದುರು ನಿಂತಿದ್ದರು. ಆಗಸ್ಟಿನ ಬಿಸಿಲು. ಯುದ್ಧಕ್ಕೆ ಮೊದಲಿನಿಂದಲೂ ನಡೆದುಬಂದ ಹನ್ನೆರಡು ಗಂಟೆಗಳ ಕಾರು ಓಟ. ಸಮುದ್ರದ ದಂಡೆಯಿಂದ ಗುಡ್ಡ ಹತ್ತಿ, ಊರಿನ ಮಧ್ಯೆ ನುಗ್ಗಿ, ಡೆರ್ನಾಳ ಮನೆಯ ಮುಂದೆ ಮೊಣಕೈಯಂತೆ ಮುರಿದು, ಮತ್ತೆ ಕೆಳಗಿಳಿದು ದಂಡೆ ಸೇರುವ ರಸ್ತೆಯಲ್ಲಿ ಬೆಳಗಿನಿಂದ ಕತ್ತಲಾಗುವವರೆಗೆ ಕಾರುಗಳು ಸುತ್ತುತ್ತಲೇ ಇರುತ್ತಿದ್ದವು. ಮೊದಲು ಕಿವಿ ಗಡಚಿಕ್ಕುವುದು, ಆಮೇಲೆ ರೂಢಿಯಾಗುವುದು, ಕೊನೆಗೆ ಸದ್ದು ನಿಂತರೇ ದಿಗಿಲಾಗುವುದು. ಸುಟ್ಟ ಎಣ್ಣೆಯ ವಾಸನೆ ಪರದೆಗಳಿಗೆ ಹಿಡಿದು, ಒಗೆದರೂ ಚಳಿಗಾಲದವರೆಗೆ ಹೋಗುತ್ತಿರಲಿಲ್ಲ. ಓಟ ಎಂದರೆ ಊರಿಗೆ ಇನ್ನೊಂದು ಹಬ್ಬ. ಹಬ್ಬವೆಂದ ಮೇಲೆ ಹೊದಿಕೆ ಹಾಕದೆ ಇರುವುದು ಹೇಗೆ? ಮೇಯರು ಹೇಳದಿದ್ದರೂ ಹಾಕುತ್ತಿದ್ದರು. ಡೆರ್ನಾಳೂ ಆ ಬೆಳಿಗ್ಗೆ ಮುಂಚೆಯೇ ಎದ್ದು ರೇಷ್ಮೆಯನ್ನು ಇಳಿಬಿಟ್ಟಿದ್ದಳು. ಅಮ್ಮ ಮನೆಯ ಅಟ್ಟದಲ್ಲಿ ಹುಳ ಸಾಕಿ, ಅವಳೂ ಅಕ್ಕ ಎಲ್ವೀರಾಳೂ ಹಿಪ್ಪುನೇರಳೆ ಸೊಪ್ಪು ತಂದು ಹಾಕಿ, ರಾತ್ರಿಯೆಲ್ಲ ಹುಳ ಎಲೆ ಕಡಿಯುವ ಸದ್ದು ಕೇಳುತ್ತ ಮಲಗಿ, ಬಂದ ಗೂಡಿನ ನೂಲಿಗೆ ಬಣ್ಣವನ್ನೇ ಕಟ್ಟದೆ ನೇಯಿಸಿದ ಹೊದಿಕೆ ಅದು. ಗೂಡಿನ ಬಣ್ಣವೇ ಹಳದಿ. ಬಿಸಿಲು ಬಿದ್ದರೆ ಬಾಲ್ಕನಿಯೇ ಹೊತ್ತಿಕೊಂಡ ಹಾಗೆ ಕಾಣುತ್ತಿತ್ತು.

ಓಟ ಶುರುವಾಗುವ ಮೊದಲೇ ನಜಾರೆನೊ ಭಾವ ಬಂದಿದ್ದ. ಅಕ್ಕ ಸತ್ತು ಆರು ವರ್ಷವಾದರೂ ಭಾನುವಾರದ ಊಟಕ್ಕೆ ಇವರ ಮನೆಗೇ ಬರುತ್ತಿದ್ದ ಭಾವ, ರೈಲ್ವೆ ಗೇಟಿನವನು. ಬಾವುಟ ಹಿಡಿದು ಪಳಗಿದ ಕೈ ಎಂದು ಓಟದ ಸಂಘದವರು ಈ ತಿರುವಿಗೆ ಅವನನ್ನೇ ಆರಿಸಿದ್ದರು. ಅವನಿಗೆ ಅದೊಂದು ಪದವಿ ಸಿಕ್ಕಷ್ಟು ಹೆಮ್ಮೆ. ಹಿಂದಿನ ಭಾನುವಾರ ಊಟವಾದ ಮೇಲೆ ಅಡುಗೆಮನೆಯ ನಡುವೆ ನಿಂತು ಪಾತ್ರೆ ಒರೆಸುವ ಬಟ್ಟೆಯನ್ನು ಬೀಸಿ ತೋರಿಸಿದ್ದ: "ನೀಲಿ ಅಂದ್ರೆ ಹಿಂದಿರೋನಿಗೆ ದಾರಿ ಬಿಡು. ಹಳದಿ ಸುಮ್ನೆ ಹಿಡಿದ್ರೆ ಜೋಪಾನ. ಹಳದಿ ಬೀಸಿದ್ರೆ ಮುಂದೆ ಅಪಾಯ, ಕಾಲು ತೆಗಿ, ನಿಧಾನ ಮಾಡು." ಡೆರ್ನಾ ನಗುತ್ತ, "ಸಾಕು ಭಾವ, ನನ್ನ ತಟ್ಟೆ ಒಡೀತೀರ ಈಗ," ಎಂದಿದ್ದಳು. ಓಟದ ಬೆಳಿಗ್ಗೆ ಮಾತ್ರ ಅವನು ನಗಲಿಲ್ಲ. ತೋಳಿಗೆ ಪಟ್ಟಿ ಕಟ್ಟಿಕೊಂಡು, ಬಾಲ್ಕನಿಯ ಕೆಳಗೆ ಹುಲ್ಲಿನ ಪೆಂಡಿಗಳ ಹಿಂದೆ ತನ್ನ ಜಾಗ ನೋಡಿಕೊಂಡು, ಕತ್ತೆತ್ತಿ ಕೂಗಿದ್ದ: "ಡೆರ್ನಾ, ಅದನ್ನ ತೆಗಿಯಮ್ಮ. ಹಳದಿ ಆಗಲ್ಲ ಇಲ್ಲಿ. ಬೇರೆ ಏನಾದ್ರೂ ಹಾಕು." ಅವಳು ತೆಗೆದಿದ್ದಳು. ಬೇಸರವಾಗಿತ್ತು, ಆದರೂ ತೆಗೆದಿದ್ದಳು. ಬೇರೆ ಹಾಕಲು ಮಾತ್ರ ಮನಸ್ಸಾಗಲಿಲ್ಲ. ಮಧ್ಯಾಹ್ನದವರೆಗೂ ಇಡೀ ಬೀದಿಯಲ್ಲಿ ಅವಳದೊಂದೇ ಬೋಳು ಬಾಲ್ಕನಿ.

ಮಧ್ಯಾಹ್ನದ ಮೇಲೆ ವಿಲ್ಮಾ ಹ್ಯಾಟು ಸರಿಮಾಡಿಕೊಳ್ಳುತ್ತ ಎದುರಿನಿಂದ ಹೇಳಿದಳು, "ಸಿನಿಮಾದವರು ಎಲ್ಲಾ ಬಾಲ್ಕನೀನೂ ತೆಗೀತಾರಂತೆ ಕಣೆ. ನಿಮ್ಮನೇದು ಬಂದಾಗ ಪಾಪ, ಯಾರೋ ಬಡವರ ಮನೆ ಅಂದ್ಕೋತಾರೆ." ಅಷ್ಟೇ. ಅಷ್ಟೇ ಮಾತು. ಡೆರ್ನಾ ಒಳಗೆ ಬಂದು ಎರಡು ತಟ್ಟೆ ತೊಳೆದಳು, ಮೂರನೆಯದನ್ನು ತೊಳೆಯಲಿಲ್ಲ. ಭಾವ ಬಾಲ್ಕನಿಯ ಅಡಿಯಲ್ಲಿ ರಸ್ತೆಗೆ ಮುಖ ಮಾಡಿ ನಿಂತಿರುತ್ತಾನೆ, ಅವನಿಗೆ ಮೇಲಿನದು ಕಾಣುವುದಿಲ್ಲ. ಸಂಜೆಯಾಗುತ್ತ ಬಂದಿದೆ, ಕಾರಿನವರಿಗೆ ಈ ರಸ್ತೆ ಬಾಯಿಪಾಠವಾಗಿರುತ್ತದೆ. ಕ್ಯಾಮೆರಾ ಹೋದ ಕೂಡಲೇ ಒಳಗೆ ತೆಗೆದುಕೊಂಡರಾಯಿತು. ಹೀಗೆಲ್ಲ ಯೋಚಿಸಿದ್ದಳೇ, ಅಥವಾ ಯೋಚಿಸದೆ ಹಾಕಿ ಆಮೇಲೆ ಈ ಯೋಚನೆಗಳನ್ನು ಹೊಲಿದುಕೊಂಡಿದ್ದಳೇ, ಈಗ ಅವಳಿಗೆ ಬೇರ್ಪಡಿಸಿ ಹೇಳಲಾಗುತ್ತಿರಲಿಲ್ಲ. ಕೈಗೆ ರೇಷ್ಮೆ ಜಾರಿ ಕಂಬಿಯ ಆಚೆ ಇಳಿದದ್ದು ಗೊತ್ತು. ಗುಡ್ಡದ ಕೆಳಗಿನಿಂದ ಸಂಜೆಯ ಗಾಳಿ ಎದ್ದದ್ದು ಗೊತ್ತು. ರೇಷ್ಮೆ ಉಬ್ಬಿ, ಮೇಲಕ್ಕೆದ್ದು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹೊಯ್ದಾಡಿತು. ಅವಳು ಅದನ್ನೇ ನೋಡುತ್ತಿದ್ದಳು, ಸುಳ್ಳು ಹೇಳಬಾರದು, ಸಂತೋಷದಿಂದಲೇ ನೋಡುತ್ತಿದ್ದಳು.

ಮೊದಲು ಬಂದದ್ದು ನರೆಗೂದಲಿನ ಒಬ್ಬ ವಕೀಲರ ಕೆಂಪು ಕಾರು. ಮುಳುಗುವ ಸೂರ್ಯನ ಬೆಳಕು ಅವರ ಕಣ್ಣಿಗೇ ಹೊಡೆಯುತ್ತಿತ್ತು. ತಿರುವಿಗೆ ಇನ್ನೂ ದೂರವಿರುವಾಗಲೇ, ಯಾರೂ ಬ್ರೇಕು ಹಾಕದ ಜಾಗದಲ್ಲಿ, ಅವರ ಕಾರು ಕೀರಿಟ್ಟು ಮೂಗು ಕೆಳಗೆ ಮಾಡಿತು. ಅದರ ಬೆನ್ನಿಗೇ ಅಂಟಿಕೊಂಡಂತೆ ಬರುತ್ತಿದ್ದದ್ದು ಕ್ರೆಮೋನಾ ಊರಿನ ಒಬ್ಬ ಹುಡುಗನ ಕಾರು. ಆರೇಲಿಯೊ ಎಂಬ ಅವನ ಹೆಸರು ಅವಳಿಗೆ ಗೊತ್ತಾದದ್ದು ಮರುದಿನ. ಅವನು ತಪ್ಪಿಸಿಕೊಳ್ಳಲು ಹೊರಳಿಸಿದ. ಕಾರು ಅಡ್ಡಡ್ಡ ಜಾರಿ ಪೆಂಡಿಗಳನ್ನು ಚೆಲ್ಲಾಡಿಕೊಂಡು ಹೋಗಿ ನೀರಿನ ಕಲ್ಲುತೊಟ್ಟಿಗೆ ಬಡಿಯಿತು. ಹುಲ್ಲು ಮೇಲೆ ಹಾರಿ ನಿಧಾನವಾಗಿ ಇಳಿಯಿತು. ಅವಳ ಬಾಲ್ಕನಿಯವರೆಗೂ ಬಂದು ಕೆಲವು ಕಡ್ಡಿಗಳು ಜರೇನಿಯಂ ಕುಂಡಗಳಲ್ಲಿ ಕೂತವು. ಯಾರೂ ಇನ್ನೂ ಕೂಗಿರಲಿಲ್ಲ. ಆ ನಿಶ್ಶಬ್ದದಲ್ಲಿ ಡೆರ್ನಾಳ ಕೈಗಳು ಮಾಡಿದ ಮೊದಲ ಕೆಲಸ ಹೊದಿಕೆಯನ್ನು ಒಳಕ್ಕೆ ಎಳೆದುಕೊಂಡದ್ದು. ಬಾಯಿ ತೆರೆಯುವ ಮೊದಲು, ದೇವರನ್ನು ಕರೆಯುವ ಮೊದಲು, ಮೆಟ್ಟಿಲಿಳಿದು ಓಡುವ ಮೊದಲು. ಎಳೆದು ಬಾಗಿಲ ಹಿಂದೆ ಮುದ್ದೆಮಾಡಿ ಎಸೆದು, ಆಮೇಲೆ ಅವಳು ಕಿರುಚಿದಳು. ಹುಡುಗ ಸತ್ತದ್ದಕ್ಕೆ ಏನಾದರೊಂದು ಸಮಾಧಾನ ಹೇಳಿಕೊಳ್ಳಬಹುದಿತ್ತೇನೋ. ಈ ಕೈಗಳಿಗೆ ಏನೂ ಹೇಳಲಾಗುತ್ತಿರಲಿಲ್ಲ. ಅವಕ್ಕೆ ಆ ಕ್ಷಣವೇ ಎಲ್ಲ ಗೊತ್ತಿತ್ತು. ಈಗಲೂ ರೊಟ್ಟಿ ಮುರಿಯುವಾಗ, ಶಿಲುಬೆ ಗುರುತು ಹಾಕಿಕೊಳ್ಳುವಾಗ ಅವಳು ಅವನ್ನು ಬೇರೆ ಯಾರದೋ ಕೈಗಳಂತೆ ನೋಡುತ್ತಾಳೆ.

"ಯಾವುದು ಹಾಕ್ತಿದೀಯ?" ಸೆಟ್ಟಿಮಿಯೊ ಕನ್ನಡಿಯಿಂದ ಮುಖ ತಿರುಗಿಸದೆ ಕೇಳಿದ. ಅವನ ಒಂದು ಕೆನ್ನೆ ಇನ್ನೂ ನೊರೆಯಲ್ಲಿತ್ತು.

"ಬಿಳಿದು."

"ಹೂಂ. ಬಿಳಿದೇ ಸರಿ."

ಆ ಸಂಜೆ ಅವಳು ಕೆಳಗಿನಿಂದ ವಾಪಸು ಬಂದಾಗ ಮುದ್ದೆಯಾಗಿ ಬಿದ್ದಿದ್ದ ಹೊದಿಕೆ ಬಾಗಿಲ ಹಿಂದೆ ಇರಲಿಲ್ಲ. ಪೆಟ್ಟಿಗೆಯ ತಳದಲ್ಲಿತ್ತು, ಹಳೆಯ ಮಡಿಕೆಯ ಗೆರೆ ಒಂದಿಷ್ಟೂ ತಪ್ಪದ ಹಾಗೆ ಮಡಿಸಿ. ಸೆಟ್ಟಿಮಿಯೊ ದರ್ಜಿ; ಹಾಗೆ ಮಡಿಸುವವರು ಆ ಮನೆಯಲ್ಲಿ ಇನ್ಯಾರೂ ಇಲ್ಲ. ಅವನು ಏನೂ ಕೇಳಲಿಲ್ಲ, ಅವಳು ಏನೂ ಹೇಳಲಿಲ್ಲ. ನೆಲದಲ್ಲಿ ಬಿದ್ದಿದ್ದ ಬಟ್ಟೆಯನ್ನು ದರ್ಜಿ ಎತ್ತಿಟ್ಟ, ಇದರಲ್ಲಿ ವಿಶೇಷವೇನು ಎಂದುಕೊಳ್ಳಲೂಬಹುದು. ಹತ್ತು ತಿಂಗಳು ಒಂದೇ ಹಾಸಿಗೆಯಲ್ಲಿ ಬೆನ್ನಿಗೆ ಬೆನ್ನು ಹಚ್ಚಿ ಮಲಗಿ ಅವಳು ಹಾಗೆಯೇ ಅಂದುಕೊಂಡಿದ್ದಳು.

ವಿಚಾರಣೆ ನಡೆದದ್ದು ಪುರಸಭೆಯ ಮೇಲಿನ ಕೋಣೆಯಲ್ಲಿ. ವಕೀಲರು ಆಣೆ ಮಾಡಿ ಹೇಳಿದರು: ಹಳದಿ ಬಾವುಟ ಬೀಸುತ್ತಿತ್ತು, ಅದಕ್ಕೇ ಬ್ರೇಕು ಹಾಕಿದೆ. ನಜಾರೆನೊ ಆಣೆ ಮಾಡಿ ಹೇಳಿದ: ನನ್ನ ಬಾವುಟ ಕಂಕುಳಲ್ಲೇ ಇತ್ತು, ಎತ್ತಲಿಲ್ಲ. ಒಬ್ಬರು ದೊಡ್ಡ ಮನುಷ್ಯರು, ಒಬ್ಬ ಗೇಟು ಮುಚ್ಚಿ ತೆಗೆಯುವವನು. ನ್ಯಾಯಾಧೀಶರು ಡೆರ್ನಾಳನ್ನು ಕರೆದು, ನೀವು ಬಾಲ್ಕನಿಯಲ್ಲಿದ್ದಿರಾ ಎಂದು ಕೇಳಿದಾಗ, "ಇಲ್ಲ ಸ್ವಾಮಿ, ಅಡುಗೆಮನೇಲಿದ್ದೆ," ಎಂದು ಅವಳ ಬಾಯಿ ಹೇಳಿತು. ಹಿಂದಿನ ಬೆಂಚಿನಿಂದ ಭಾವ ಎದ್ದು ನಿಂತು, "ಹೌದು ಸ್ವಾಮಿ, ಅವಳು ಒಳಗಿದ್ಳು. ಹಳದಿ ಹೊದಿಕೆ ಹಾಕಿದ್ಳು, ಬೆಳಿಗ್ಗೇನೇ ನಾನು ತೆಗೆಸಿದ್ದೆ. ಹೇಳಿದ ಕೂಡ್ಲೇ ತೆಗೆದ್ಳು, ಒಳ್ಳೆ ಹೆಣ್ಣುಮಗಳು," ಎಂದ. ಅವಳ ಪರವಾಗಿ ಅವನೇ ಸಾಕ್ಷಿ ನುಡಿದಿದ್ದ. ಸಾಕಷ್ಟು ಪುರಾವೆಯಿಲ್ಲವೆಂದು ಅವನನ್ನು ಬಿಟ್ಟರು. ಬಿಟ್ಟದ್ದು ಅವರು, ಊರಿನವರು ಬಿಡಲಿಲ್ಲ. ಬಾವುಟ ಹಿಡಿಯಲು ಬಾರದವನೆಂದು ರೈಲ್ವೆಯವರು ಗೇಟಿನಿಂದ ತೆಗೆದು ಸ್ಟೇಷನ್ನಿನ ಕಕ್ಕಸು ತೊಳೆಯಲು ಹಾಕಿದರು. ಸರ್ಕಾರ ಓಟವನ್ನೇ ನಿಲ್ಲಿಸಿತು. ಹೋಟೆಲಿನವನಿಂದ ಹಿಡಿದು ಐಸ್‌ಕ್ರೀಮಿನವನವರೆಗೆ ಎಲ್ಲರೂ ಅದಕ್ಕೆ ಕಾರಣ ಇವನೇ ಎಂದರು. ಹಬ್ಬದಲ್ಲಿ ಪಾದ್ರಿಯ ಮೇಲೆ ನಾಲ್ವರು ಹಿಡಿಯುವ ಬಟ್ಟೆಯ ಛತ್ರದ ಒಂದು ಕೋಲು ಇಪ್ಪತ್ತು ವರ್ಷದಿಂದ ಅವನದಾಗಿತ್ತು, ಈ ಸಲ ಅದು ಕಟುಕನ ಅಳಿಯನಿಗೆ ಹೋಯಿತು. ಕಾಫಿ ಅಂಗಡಿಗೆ ಅವನು ಕಾಲಿಟ್ಟರೆ ಇಸ್ಪೀಟಾಡುತ್ತಿದ್ದವರು, "ಬ್ರೇಕ್ ಹಾಕ್ರಪ್ಪೋ, ಹಳದಿ ಬಂತು!" ಎನ್ನುತ್ತಿದ್ದರು. ಅವನೂ ಹಲ್ಲು ಕಿರಿದು ನಿಂತೇ ಕಾಫಿ ಕುಡಿದು ಹೋಗುತ್ತಿದ್ದ. ಮೊದಲ ತಿಂಗಳು, "ನಾನು ಎತ್ಲಿಲ್ಲ ಕಣ್ರೋ," ಎನ್ನುತ್ತಿದ್ದ. ಆಮೇಲೆ ಅದನ್ನೂ ಬಿಟ್ಟ. ಭಾನುವಾರದ ಊಟಕ್ಕೆ ಬರುವುದನ್ನೂ ಬಿಟ್ಟ. ಅವನ ಖಾಲಿ ಕುರ್ಚಿ ಕಂಡಾಗಲೆಲ್ಲ ಡೆರ್ನಾಳಿಗೆ ಒಂದು ತೆರನ ಬಿಡುಗಡೆಯೇ ಆಗುತ್ತಿತ್ತು. ಆ ಬಿಡುಗಡೆಗಾಗಿ ತನ್ನ ಮೇಲೆ ಹೇಸಿಗೆಯೂ ಆಗುತ್ತಿತ್ತು.

ಇನ್ನೊಂದು ಖಾಲಿ ಕುರ್ಚಿಯೂ ಇತ್ತು ಅವಳ ನೆನಪಿನಲ್ಲಿ. ಸೆಪ್ಟೆಂಬರಿನ ಒಂದು ಮಧ್ಯಾಹ್ನ ಬೂದು ಕೋಟಿನ ಹೆಂಗಸೊಬ್ಬಳು ಬಂದು ಕಲ್ಲುತೊಟ್ಟಿಯ ಅಂಚಿನಲ್ಲಿ ಕೂತಿದ್ದಳು, ಒಡೆದ ಕಲ್ಲಿನ ಮೇಲೆ ಅಂಗೈ ಊರಿ. ಯಾರೆಂದು ಯಾರೂ ಹೇಳಬೇಕಾಗಿರಲಿಲ್ಲ. ಡೆರ್ನಾ ಅಡುಗೆಮನೆಯ ಕುರ್ಚಿಯೊಂದನ್ನು ಹೊತ್ತುಕೊಂಡು ಇಳಿದು, ನಿಂಬೆ ಹಿಂಡಿದ ನೀರು ಕೊಟ್ಟಳು. ಹೆಂಗಸು ಕುರ್ಚಿಯಲ್ಲಿ ಕೂರಲಿಲ್ಲ, ನೀರು ಕುಡಿದಳು. "ನೀವು ಇಲ್ಲೇ ಇರೋದಾ? ಅವತ್ತು ನೋಡಿದ್ರಾ?" ಇಲ್ಲ ಎಂದಳು ಡೆರ್ನಾ. "ಅವನು ಕೂಗಿದ್ನಾ?" ಇಲ್ಲಮ್ಮ, ಕೂಗಲಿಲ್ಲ ಎಂದಳು. ನೋಡಿಲ್ಲವೆಂದವಳಿಗೆ ಕೂಗಲಿಲ್ಲವೆಂದು ಹೇಗೆ ಗೊತ್ತು ಎಂದು ಆ ತಾಯಿ ಕೇಳಲಿಲ್ಲ; ಕತ್ತೆತ್ತಿ ಬಾಲ್ಕನಿ ನೋಡಿ, "ನಿಮ್ಮ ಹೂಗಳು ಚೆನ್ನಾಗಿವೆ," ಎಂದಳು. ಆಮೇಲೆ ಬಾವುಟದವನ ಮನೆ ಎಲ್ಲಿ ಎಂದು ಕೇಳಿದಳು. ಡೆರ್ನಾ ತೋರಿಸಿದಳು. ಬಾಯಲ್ಲಿ ಹೇಳಲೂ ಇಲ್ಲ, ಬೆರಳು ಚಾಚಿ ತೋರಿಸಿದಳು: ಆ ಓಣಿ, ಆ ಹಸಿರು ಬಾಗಿಲು. ಬೂದು ಕೋಟು ಓಣಿಯೊಳಗೆ ಹೋಗುವುದನ್ನು ನೋಡುತ್ತ ಖಾಲಿ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು. ಶಾಪ ಹಾಕಲು ಹೋದಳು, ಆ ಶಾಪ ನನ್ನದು, ನನ್ನ ಬೆರಳು ಅದಕ್ಕೆ ದಾರಿ ತೋರಿಸಿತು ಎಂದುಕೊಂಡಿದ್ದಳು.

ಕೆಳಗೆ ಹೆಂಗಸರ ಜಗಳ ಮುಗಿದು ಹೂ ಹಾಸುವುದು ಶುರುವಾಗಿತ್ತು. ರಸ್ತೆ ಮೇಲಿನಿಂದ ಹಳದಿಯಾಗುತ್ತ ಬರುತ್ತಿತ್ತು. ತಿರುವಿನ ಹತ್ತಿರ ಮಾತ್ರ ಯಾರೂ ಬಂದಿರಲಿಲ್ಲ. ಅಲ್ಲಿ ಒಬ್ಬ ಗಂಡಸು ಒಂಟಿಯಾಗಿ ಬುಟ್ಟಿ ಹಿಡಿದು ಎಸಳು ಉದುರಿಸುತ್ತಿದ್ದ. ಹಬ್ಬದ ಕರಿ ಕೋಟು, ಬಗ್ಗಿದ ಬೆನ್ನು. ಹೂ ಹಾಸುವುದು ಹೆಂಗಸರ ಕೆಲಸ. ಛತ್ರದ ಕೋಲು ಕಿತ್ತುಕೊಂಡ ಮೇಲೆ ಅವನಿಗೆ ಉಳಿದದ್ದು ಇಷ್ಟೇ ಇರಬೇಕು. ತೊಟ್ಟಿಯ ಸುತ್ತ ಅವನು ಉಳಿದೆಡೆಗಿಂತ ದಟ್ಟವಾಗಿ ಹಾಸುತ್ತಿದ್ದ, ಎಸಳಿಗೆ ಎಸಳು ಕೂಡಿಸಿ. ವಿಲ್ಮಾ ಮೇಲಿನಿಂದ ಕೂಗಿದಳು: "ನಜಾರೆನೊ, ಜಾಸ್ತಿ ಹಾಕ್ಬೇಡಪ್ಪ! ಹಳದಿ ಕಂಡು ಪಾದ್ರಿ ಅಲ್ಲೇ ನಿಂತ್ಬಿಟ್ಟಾರು!" ಬೀದಿಯ ಹೆಂಗಸರು ಗೊಳ್ಳೆಂದರು. ನಜಾರೆನೊ ತಲೆಯೆತ್ತದೆ ಹಲ್ಲು ಕಿರಿದ. ಕಾಫಿ ಅಂಗಡಿಯಲ್ಲಿ ಕಿರಿಯುತ್ತಿದ್ದನಂತಲ್ಲ, ಅದೇ ಹಲ್ಲು. ಡೆರ್ನಾ ಇದುವರೆಗೆ ಅದನ್ನು ಕಣ್ಣಾರೆ ಕಂಡಿರಲಿಲ್ಲ, ಕೇಳಿದ್ದಳಷ್ಟೇ.

ಅವಳು ಒಳಗೆ ಹೋಗಿ ಬಿಳಿ ಹೊದಿಕೆಯನ್ನು ಎತ್ತಿ ನೆಲಕ್ಕೆ ಹಾಕಿ, ರೇಷ್ಮೆಯನ್ನು ಎರಡೂ ತೋಳುಗಳಿಂದ ತಬ್ಬಿ ಹೊರಗೆಳೆದಳು. ಸೆಟ್ಟಿಮಿಯೊ ಕ್ಷೌರದ ಕತ್ತಿ ಕೆಳಗಿಟ್ಟ.

"ಡೆರ್ನಾ, ಬೇಡ."

ಅವಳು ನಿಂತಳು. ಬೇಡ ಎನ್ನಬೇಕಾದರೆ ಗೊತ್ತಿರಬೇಕು. "ನಿಂಗೆ ಗೊತ್ತಿತ್ತಾ?"

"ಮಡಿಸಿ ಇಟ್ಟೋನು ನಾನೇ ಅಲ್ವಾ. ಹುಲ್ಲುಕಡ್ಡಿ ಸಿಕ್ಕೊಂಡಿತ್ತು ಅದರೊಳಗೆ." ಅವನು ನೊರೆಯಾದ ಕೆನ್ನೆಯನ್ನು ಟವೆಲಿನಿಂದ ಒರೆಸಿಕೊಂಡ, ಹೆರೆಯದೆಯೇ. "ಹೋದೋನು ಹೋದ. ನಿನ್ನ ಭಾವಂಗೂ ಈಗ ರೂಢಿಯಾಗಿದೆ. ಎಬ್ಬಿಸ್ಬೇಡ ಅದನ್ನ."

"ರೂಢಿ ಆಗಿದೆಯಾ! ಹೋಗಿ ನೋಡು ಬಾ, ಹೆಂಗಸ್ರೆಲ್ಲಾ ನಗ್ತಿದಾರೆ, ಭಾವಾನೂ ನಗ್ತಿದಾರೆ ಅವ್ರ ಜೊತೆ."

"ನಾಳೆ ನಿನ್ನ ನೋಡಿ ನಗ್ತಾರೆ. ನಗಲ್ಲ, ಉಗೀತಾರೆ."

ಅವಳಿಗೆ ಸಿಟ್ಟು ಬಂತು. ಹತ್ತು ತಿಂಗಳು ತಾನೊಬ್ಬಳೇ ಹೊತ್ತೆನೆಂದುಕೊಂಡದ್ದನ್ನು ಇವನೂ ಪಕ್ಕದಲ್ಲೇ ಮಲಗಿ ಹೊತ್ತಿದ್ದನಲ್ಲ, ಒಂದು ಮಾತು ಆಡದೆ, ಒಂದು ರಾತ್ರಿ ಕೈ ಹಿಡಿದು ಅಳಲೂ ಬಿಡದೆ. ದರ್ಜಿಯ ಅಚ್ಚುಕಟ್ಟು. ಅವಳು ಬಾಲ್ಕನಿಗೆ ಹೋಗಿ ಹೊದಿಕೆಯ ಒಂದಂಚನ್ನು ಕಂಬಿಗೆ ಸಿಕ್ಕಿಸಿ ಉಳಿದದ್ದನ್ನು ಕೆಳಕ್ಕೆ ಬಿಟ್ಟಳು. ರೇಷ್ಮೆ ಸುರುಳಿ ಬಿಚ್ಚಿಕೊಳ್ಳುತ್ತ ಇಳಿಯಿತು. ಸಮುದ್ರದ ಕಡೆಯಿಂದ ಸಣ್ಣ ಗಾಳಿ. ಅದರ ತುದಿ ಎದ್ದಿತು, ಬಿದ್ದಿತು, ಮತ್ತೆ ಎದ್ದು ಪಕ್ಕಕ್ಕೆ ಹೊಯ್ದಾಡಿತು.

ನಜಾರೆನೊ ಕತ್ತೆತ್ತಿದ. ಆ ದಿನ ಅವನು ನಿಂತಿದ್ದದ್ದು ಬಾಲ್ಕನಿಯ ಅಡಿಯಲ್ಲಿ. ಇಂದು ನಿಂತದ್ದು ರಸ್ತೆಯ ನಡುವೆ, ಕಾರುಗಳು ಬಂದ ದಿಕ್ಕಿನಲ್ಲಿ. ವಕೀಲರು ಕಂಡದ್ದು ಅವನಿಗೂ ಈಗ ಕಾಣುತ್ತಿತ್ತು. ಎಷ್ಟು ಹೊತ್ತು ನೋಡಿದನೋ, ಬುಟ್ಟಿ ಓರೆಯಾಗಿ ಎಸಳುಗಳು ಅವನ ಬೂಟಿನ ಮೇಲೆ ಉದುರುತ್ತಿದ್ದವು. ಡೆರ್ನಾ ಮೆಟ್ಟಿಲಿಳಿದು ಅವನ ಮುಂದೆ ಬಂದು ನಿಂತಾಗಲೂ ಅವನ ಕಣ್ಣು ಮೇಲೆಯೇ ಇತ್ತು.

"ಭಾವ," ಎಂದಳು. "ಅವತ್ತು ಬೆಳಿಗ್ಗೆ ನೀವು ತೆಗಿ ಅಂದ್ರಿ, ತೆಗೆದೆ. ಮಧ್ಯಾಹ್ನದ ಮೇಲೆ ಮತ್ತೆ ಹಾಕ್ದೆ. ಅವ್ರು ನೋಡಿದ್ದು ಇದನ್ನ. ನಿಮ್ಮ ಬಾವುಟ ಅಲ್ಲ."

ಅವನು ಹೊಡೆಯಲಿ, ಕೂಗಲಿ, ಬೀದಿಯವರನ್ನೆಲ್ಲ ಕರೆಯಲಿ ಎಂದು ಕಾದಳು. ಹೊಡೆದರೆ ಹಗುರವಾಗುತ್ತಿತ್ತು.

"ಈಗ್ಲೇ ಪಾದ್ರಿ ಬರ್ತಾರೆ, ಎಲ್ರ ಮುಂದೆ ಹೇಳ್ತೀನಿ. ನ್ಯಾಯಾಧೀಶರ ಹತ್ರಾನೂ ಹೋಗ್ತೀನಿ. ನಿಮ್ಮ ಗೇಟು ನಿಮಗೆ ವಾಪಸ್ ಕೊಡ್ತಾರೆ."

"ಇಲ್ಲ," ಎಂದ ನಜಾರೆನೊ. ತೀರ ಸಣ್ಣ ದನಿ. "ನಾನೇ ಬೀಸಿದ್ದು, ಡೆರ್ನಾ."

"ನೀವು ಎತ್ಲೇ ಇಲ್ಲ ಭಾವ! ನೀವೇ ಹೇಳಿದ್ರಲ್ಲ, ಆಣೆ ಮಾಡಿ..."

"ಹೇಳಿದ್ದೆ. ಆಮೇಲೆ ಆಯಮ್ಮ ಬಂದ್ಳು, ಅವನ ತಾಯಿ. ನಮ್ಮನೆ ಬಾಗಿಲಲ್ಲಿ ನಿಂತು, ನೀವೇನಾ ಅಂದ್ಳು. ಬೈಯೋಕ್ಕಲ್ಲ. ಸುಮ್ನೆ, ನೀವೇನಾ ಅಂತ. ಅವಳ ಮುಖ ನೋಡ್ದೆ, ಯಾರೋ ಒಬ್ರು ಬೇಕಾಗಿತ್ತು ಅವಳಿಗೆ. ಯಾರೂ ಇಲ್ಲ ಅಂದ್ರೆ ಮಗ ಸುಮ್ಸುಮ್ನೆ ಸತ್ತ ಅಂತ ಆಗುತ್ತೆ. ಹೌದಮ್ಮ, ನಾನೇ ಬೀಸ್ದೆ, ತಪ್ಪಾಯ್ತು ಅಂದೆ. ಅಂದ್ಮೇಲೆ ನಂಗೇ ನಿಜ ಅನ್ನಿಸ್ತು. ಕೈಗೂ ನೆನಪು ಬಂತು, ಎತ್ತಿದ್ದು, ಬೀಸಿದ್ದು, ಎಲ್ಲಾ." ಅವನು ತನ್ನ ಬಲಗೈ ನೋಡಿಕೊಂಡ. "ಬಹಳ ಹೊತ್ತು ಅತ್ತಳು. ಆಮೇಲೆ ನನ್ನ ತಲೆ ಮೇಲೆ ಕೈ ಇಟ್ಟಳು. ಸತ್ತವರ ಹಬ್ಬಕ್ಕೆ ಕ್ರೆಮೋನಾಗೆ ಹೋಗಿದ್ದೆ, ಯಾರಿಗೂ ಹೇಳಿಲ್ಲ. ಸಮಾಧಿ ತೋರಿಸಿದ್ಳು. ಮನೆಗೆ ಕರ್ಕೊಂಡು ಹೋಗಿ ಊಟಕ್ಕೆ ಕೂರಿಸಿದ್ಳು, ಅವನ ಕುರ್ಚೀಲೇ. ಕ್ಷಮಿಸಿದೀನಿ ಕಣಪ್ಪ ಅಂದ್ಳು. ಈಗ ಹೋಗಿ ಏನು ಹೇಳ್ಲಿ ಅವಳಿಗೆ? ನಾನಲ್ಲ ಕಣಮ್ಮ, ಒಂದು ಹೊದಿಕೆ ಅಂತ ಹೇಳ್ಲಾ? ನೀನು ಕ್ಷಮಿಸಿದ್ದು ಸುಳ್ಳಿಗೆ ಅಂತ ಹೇಳ್ಲಾ?"

ಡೆರ್ನಾಳಿಗೆ ಬೂದು ಕೋಟಿನ ಆ ಹೆಂಗಸಿಗೆ ದಾರಿ ತೋರಿಸಿದ ಬೆರಳು ನೆನಪಾಯಿತು. ಶಾಪವೆಂದುಕೊಂಡು ಅವಳು ಓಣಿಯೊಳಗೆ ಕಳಿಸಿದ್ದು ಕ್ಷಮೆಯನ್ನು. ತನಗೆ ಸಲ್ಲಬೇಕಿದ್ದ ಕ್ಷಮೆಯನ್ನು ಭಾವ ಕೈಯೊಡ್ಡಿ ತೆಗೆದುಕೊಂಡುಬಿಟ್ಟಿದ್ದ, ಈಗ ಕೊಡಲಾರ. ಅದರ ಮೇಲೆ ಅವನು ಕೂತಿದ್ದಾನೆ, ಉಂಡಿದ್ದಾನೆ. ಇನ್ನೊಬ್ಬಳ ಮನೆಯಲ್ಲಿ ಸತ್ತವನ ಕುರ್ಚಿ ತುಂಬಿದೆ.

"ಹಾಗಾದ್ರೆ ನಾನು?" ಎಂದು ಕೇಳಿದಳು. "ನಾನು ಯಾರ ಹತ್ರ ಹೋಗ್ಲಿ ಭಾವ?"

ಮೇಲಿನಿಂದ ಗಂಟೆಯ ಸದ್ದು ಬಂತು. ಮೆರವಣಿಗೆ ಚರ್ಚು ಬಿಟ್ಟಿತ್ತು. ನಜಾರೆನೊ ಅವಳನ್ನು ನೋಡಿದ. ಕೋಪವಿರಲಿಲ್ಲ, ಕರುಣೆಯೂ ಇರಲಿಲ್ಲ. ಅಕ್ಕ ಸತ್ತ ದಿನ ಹೀಗೆ ನೋಡಿದ್ದ, ಇನ್ನು ಮಾಡಬೇಕಾದ ಕೆಲಸಗಳನ್ನು ಎಣಿಸಿಕೊಳ್ಳುವವನಂತೆ. ಮತ್ತೆ ಕತ್ತೆತ್ತಿ ಹೊಯ್ದಾಡುವ ರೇಷ್ಮೆಯನ್ನು ನೋಡಿದ. ಅವನ ಬಲಗೈ ತಾನಾಗಿ ಎದೆಯ ಮಟ್ಟಕ್ಕೆ ಏರಿ ಇಳಿಯಿತು.

"ಗಾಳಿ ಏಳ್ತಿದೆ," ಎಂದ. "ಮೇಲೆ ಹೋಗಿ ತುದಿಗಳಿಗೆ ಕಲ್ಲು ಕಟ್ಟು. ಹಾರಬಾರ್ದು ಅದು."

ಅವನು ಬುಟ್ಟಿಯಲ್ಲಿ ಉಳಿದಿದ್ದ ಎಸಳುಗಳನ್ನು ತೊಟ್ಟಿಯ ಬುಡಕ್ಕೆ ಸುರಿದು, ಟೋಪಿ ತೆಗೆದು ಗೋಡೆಯ ಪಕ್ಕಕ್ಕೆ ಸರಿದ. ಡೆರ್ನಾ ಮೆಟ್ಟಿಲು ಹತ್ತಿದಳು. ಸೆಟ್ಟಿಮಿಯೊ ಅರ್ಧ ಹೆರೆದ ಮುಖ ಹೊತ್ತು ಕೋಣೆಯ ನಡುವೆ ನಿಂತಿದ್ದ. ಅವಳು ಅವನನ್ನು ಬಳಸಿಕೊಂಡು ಹೋಗಿ ಜರೇನಿಯಂ ಕುಂಡಗಳಿಂದ ಎರಡು ಕಲ್ಲು ಹೆಕ್ಕಿದಳು. ದಾರ ಹುಡುಕುತ್ತಿದ್ದಾಗ ಅವನು ತನ್ನ ಹೊಲಿಗೆಯ ದಾರದ ಉಂಡೆಯನ್ನು ಮುಂದೆ ಹಿಡಿದ. ಅಮ್ಮ ಹೊಲಿದಿದ್ದ ಮೂಲೆಗಳಿಗೆ ಒಂದೊಂದು ಕಲ್ಲು ಬಿಗಿದು ಇಳಿಬಿಟ್ಟಾಗ ಹೊದಿಕೆ ನೆಟ್ಟಗೆ, ನಿಶ್ಚಲವಾಗಿ ನಿಂತಿತು. "ಅಬ್ಬಾ, ಕೊನೆಗೂ ಹಾಕಿದ್ಲು ನೋಡ್ರೇ! ಹುಳಾನೂ ಇಲ್ಲ ಗಿಳಾನೂ ಇಲ್ಲ!" ವಿಲ್ಮಾ ಕೂಗಿದಳು. ಛತ್ರ ತಿರುವಿಗೆ ಬಂತು, ಕಟುಕನ ಅಳಿಯ ತನ್ನ ಕೋಲನ್ನು ಸೊಟ್ಟಗೆ ಹಿಡಿದಿದ್ದ, ಗಂಟೆ ಮೊಳಗಿತು, ಬೀದಿಯೆಲ್ಲ ಮಂಡಿಯೂರಿತು. ಗೋಡೆಯ ಪಕ್ಕದಲ್ಲಿ ಒಂದು ಬರಿದಲೆ ಬಗ್ಗಿತ್ತು. ಡೆರ್ನಾಳೂ ಬಾಲ್ಕನಿಯ ಕಲ್ಲಿನ ಮೇಲೆ ಮಂಡಿಯೂರಿದಳು. ಪ್ರಾರ್ಥನೆಯ ಒಂದು ಮಾತೂ ಬಾಯಿಗೆ ಬರಲಿಲ್ಲ. ಕಲ್ಲು ಕಟ್ಟಿದ್ದರೂ, ಮೆರವಣಿಗೆ ಪೂರ್ತಿ ದಾಟುವವರೆಗೆ ಅವಳು ಎರಡೂ ಕೈಗಳಿಂದ ಹೊದಿಕೆಯನ್ನು ಕಂಬಿಗೆ ಅದುಮಿ ಹಿಡಿದುಕೊಂಡೇ ಇದ್ದಳು.